ಮೊದಲು ಗುಡ್ಡ, ಆಮೇಲೆ ನಕ್ಷೆ: ನಮ್ಮ ನೆಲದ ಗಿಡಗಳಿಂದ ಅಂಗಳ ರೂಪಿಸುವುದು

ತುಮಕೂರಿನ ಸುತ್ತಮುತ್ತ ಮನೆ, ಶಾಲೆಗಳಿಗೆ ತೋಟ ರೂಪಿಸಿಕೊಡುವುದು ನನ್ನ ಕಸುಬು. ಕೆಲಸ ಕಲಿಯಲು ಬರುವವರು ಮೊದಲ ದಿನವೇ ನಕ್ಷೆ ಬಿಡಿಸಲು ಕೂರುತ್ತಾರೆ. ಅವರನ್ನು ಎಬ್ಬಿಸಿ ಹತ್ತಿರದ ದೇವರಾಯನದುರ್ಗದ ಗುಡ್ಡಕ್ಕೆ ಕಳುಹಿಸುತ್ತೇನೆ. ಒಂದು ಗಿಡ ಯಾರ ಆರೈಕೆಯೂ ಇಲ್ಲದೆ ಎಲ್ಲಿ ಬೆಳೆಯುತ್ತದೆ, ಯಾವುದರ ಪಕ್ಕದಲ್ಲಿ ಸುಖವಾಗಿರುತ್ತದೆ ಎಂಬುದನ್ನು ಕಣ್ಣಾರೆ ನೋಡದೆ ಅದನ್ನು ನಕ್ಷೆಯ ಮೇಲೆ ಇಡಬಾರದು ಎಂಬುದು ನನ್ನ ಗಟ್ಟಿ ನಂಬಿಕೆ.

ಗುಡ್ಡದ ಬುಡದಲ್ಲಿ ಹತ್ತು ಅಡಿ ಉದ್ದಗಲದ ಒಂದು ಜಾಗ ಆರಿಸಿಕೊಳ್ಳಿ. ಅದನ್ನು ಮೇಲಿನಿಂದ ನೋಡಿದಂತೆ ಬರೆಯಬೇಡಿ, ಪಕ್ಕದಿಂದ ಕಂಡಂತೆ ಬರೆಯಿರಿ. ಎತ್ತರದಲ್ಲಿ ಕಕ್ಕೆಯೋ ಹೊಂಗೆಯೋ ಇರುತ್ತದೆ. ಅದರ ಅಂಚಿನ ಬಿಸಿಲಿಗೆ ತಂಗಡಿ, ಬಂದರಿಕೆ ನಿಂತಿರುತ್ತವೆ. ಕವಳೆಯ ಮುಳ್ಳುಪೊದೆಯ ಮೇಲೆ ಯಾವುದೋ ಬಳ್ಳಿ ಹಬ್ಬಿರುತ್ತದೆ, ನೆಲದಲ್ಲಿ ತುಂಬೆ ಮತ್ತು ಹುಲ್ಲು. ಬಂಡೆಯ ಯಾವ ಮಗ್ಗುಲಲ್ಲಿ ತೇವ ನಿಂತಿದೆ, ಯಾವ ಮಗ್ಗುಲು ಬೋಳಾಗಿದೆ ಎಂಬುದನ್ನೂ ಗುರುತು ಹಾಕಿ. ಅದೇ ಜಾಗಕ್ಕೆ ಶಿವರಾತ್ರಿಯ ಹೊತ್ತಿಗೊಮ್ಮೆ, ಮೃಗಶಿರಾ ಮಳೆ ಬಿದ್ದ ಮೇಲೊಮ್ಮೆ, ದಸರಾ ಕಳೆದ ಮೇಲೊಮ್ಮೆ ಹೋಗಿ. ತೋಟ ವರ್ಷವಿಡೀ ಹಸಿರಾಗಿರಲೇಬೇಕೆಂಬ ಹಟ ಅಷ್ಟರಲ್ಲಿ ತಾನಾಗಿ ಇಳಿದಿರುತ್ತದೆ. ಎಲೆ ಉದುರಿಸಿ ನಿಂತ ಮರವೂ ಇಲ್ಲಿನ ಋತುವಿನ ಒಂದು ಭಾಗ. ಹಾಗೆಯೇ ಲಂಟಾನದ ಪೊದೆಗಳನ್ನೂ ನೋಡಿಕೊಳ್ಳಿ. ಅಮೆರಿಕ ಖಂಡದಿಂದ ಅಲಂಕಾರಕ್ಕೆಂದು ತಂದ ಗಿಡವದು. ಚೆಂದಕ್ಕೆಂದು ತಂದದ್ದು ಕಾಡನ್ನೇ ನುಂಗುವುದು ಹೇಗೆ ಎಂದು ಅಲ್ಲಿ ತಿಳಿಯುತ್ತದೆ.

ಗುಡ್ಡದಿಂದ ಗಿಡ ಕಿತ್ತು ತರಕೂಡದು. ಸಸಿಗಳನ್ನು ಅರಣ್ಯ ಇಲಾಖೆಯ ನರ್ಸರಿಯಲ್ಲಿ ಕೊಳ್ಳಿ, ರಸ್ತೆಬದಿಯ ಮರಗಳ ಕೆಳಗೆ ಬಿದ್ದ ಬೀಜ ಆರಿಸಿ. ಹೊಂಗೆಯ ಬೀಜ ತಾಜಾ ಇದ್ದಾಗ ಸುಲಭವಾಗಿ ಮೊಳೆಯುತ್ತದೆ. ಕಕ್ಕೆಯದು ಗಟ್ಟಿ ಸಿಪ್ಪೆ. ಬೀಜದ ಒಂದು ಬದಿಯನ್ನು ಉಪ್ಪುಕಾಗದದಲ್ಲಿ ಉಜ್ಜಿ ರಾತ್ರಿಯಿಡೀ ನೀರಿನಲ್ಲಿ ನೆನೆಹಾಕಿದರೆ ನೀರು ಒಳಗಿಳಿಯುತ್ತದೆ. ಲಕ್ಕಿ ಗಿಡಕ್ಕೆ ಕಡ್ಡಿ ನೆಟ್ಟರೆ ಸಾಕು.

ನಮ್ಮದು ಎನ್ನುವ ಮಾತನ್ನು ಸ್ವಲ್ಪ ಬಿಗಿಯಾಗಿ ಹಿಡಿಯಬೇಕು. ಶಿವಾಲಯದ ನಾಗಲಿಂಗ, ದೇವಗಣಗಿಲೆ, ಹಬ್ಬದ ಚೆಂಡುಹೂ ಎಲ್ಲವೂ ಅಮೆರಿಕ ಖಂಡದಿಂದ ಬಂದವು. ಮನೆಯವರಿಗೆ ಭಕ್ತಿ ಇದ್ದರೆ ಒಂದು ನಾಗಲಿಂಗ ಇರಲಿ ಎಂದೇ ನಾನು ಹೇಳುತ್ತೇನೆ. ಇನ್ನೊಂದು ಕಡೆ, ಮಲೆನಾಡಿನ ಸುರಗಿ ಕರ್ನಾಟಕದ್ದೇ ಆದರೂ ತುಮಕೂರಿನ ಒಣ ಕೆಂಪು ಮಣ್ಣಿಗೆ ಅದು ನೆಂಟ. ರಾಜ್ಯದ ಗಡಿಯನ್ನು ಮರೆತು ಮಣ್ಣು, ಮಳೆಯ ಗಡಿ ನೋಡಿ.

ಈಗ ನಿವೇಶನಕ್ಕೆ ಬನ್ನಿ. 30×40ರ ಜಾಗದಲ್ಲಿ ಮನೆ ಕಟ್ಟಿ ಉಳಿಯುವುದು ಮುಂದೆ ಒಂದು ಪಟ್ಟಿ, ಪಕ್ಕದಲ್ಲಿ ಇನ್ನೊಂದು. ಒಂದೂವರೆ ಅಡಿ ಗುಂಡಿ ತೋಡಿ. ಹೆಚ್ಚಿನ ಕಡೆ ಮೊದಲು ಸಿಗುವುದು ಇಟ್ಟಿಗೆ ಚೂರು, ಸಿಮೆಂಟ್ ಗಾರೆ. ಅದನ್ನೆಲ್ಲ ಹೊರಹಾಕಿ ಗುಂಡಿಗೆ ನೀರು ತುಂಬಿಸಿ. ಮರುದಿನವೂ ನೀರು ನಿಂತಿದ್ದರೆ ಗಿಡಗಳ ಮಾತು ಎತ್ತುವ ಮೊದಲು ಮಣ್ಣು ಸಡಿಲಿಸಿ, ಕೊಳೆತ ಎಲೆಗೊಬ್ಬರ ಬೆರೆಸಿ, ನೀರು ಹರಿದುಹೋಗಲು ದಾರಿ ಮಾಡಿ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಬಿಸಿಲು ಎಲ್ಲಿ ಬೀಳುತ್ತದೆ ಎಂದು ಸುಣ್ಣದಲ್ಲಿ ಗೆರೆ ಎಳೆಯಿರಿ.

ಇಂಥ ಕಿರಿದಾದ ಪಟ್ಟಿಯಲ್ಲಿ ಹೊಂಗೆ ನೆಡಬೇಡಿ. ಅದು ದೊಡ್ಡ ಮರ, ಅದರ ಜಾಗ ಬೀದಿಯ ಅಂಚು ಅಥವಾ ಶಾಲೆಯ ಬಯಲು. ಇಲ್ಲಿಗೆ ಪಾರಿಜಾತ, ಕರಿಬೇವು ಒಪ್ಪುತ್ತವೆ. ಅವುಗಳ ಮುಂದೆ ತಂಗಡಿ, ಗೋರಂಟಿ, ಗೋಡೆಯ ಮಗ್ಗುಲಿಗೆ ಆಡುಸೋಗೆ, ನೀರು ಹರಿಯುವ ಕಡೆ ಲಾವಂಚ. ಒಂದೊಂದು ಜಾತಿಯದು ಒಂದೊಂದೇ ಗಿಡ ನೆಟ್ಟರೆ ನೋಟ ಚದುರಿಹೋಗುತ್ತದೆ. ಮೂರೋ ಐದೋ ಒಟ್ಟಿಗೆ ಇರಲಿ. ಬಿಸಿಲಿರುವಲ್ಲಿ ನೆಲಕ್ಕೆ ಗರಿಕೆ ಸಾಕು. ಇದರ ಜೊತೆಗೆ ಅಂಚಿನ ಬಗ್ಗೆ ವಿಶೇಷ ಕಾಳಜಿ ವಹಿಸಿ. ಚಪ್ಪಡಿ ಕಲ್ಲಿನ ನೇರವಾದ ಅಂಚು, ಕತ್ತರಿಸಿದ ಗರಿಕೆಯ ಒಂದು ಪಟ್ಟಿ ಇದ್ದರೆ ಒಳಗಿನ ಪೊದೆ ಎಷ್ಟೇ ಸ್ವಚ್ಛಂದವಾಗಿ ಬೆಳೆದರೂ ಅಕ್ಕಪಕ್ಕದವರು ಅದನ್ನು ಪಾಳು ಎನ್ನುವುದಿಲ್ಲ.

ಹೂವಿನ ಪಂಚಾಂಗವೊಂದನ್ನು ಬರೆದಿಟ್ಟುಕೊಳ್ಳಿ. 1908ರಲ್ಲಿ ಬೆಂಗಳೂರಿಗೆ ಬಂದ ಜರ್ಮನಿಯ ತೋಟಗಾರಿಕೆ ತಜ್ಞ ಗುಸ್ತಾವ್ ಕ್ರುಂಬಿಗಲ್ ಅವರು ಒಂದು ಮರದ ಹೂ ಮುಗಿಯುವಾಗ ಇನ್ನೊಂದು ಅರಳುವಂತೆ ನಗರದ ಬೀದಿಗಳಿಗೆ ಮರ ಆರಿಸಿದರು. ಅವುಗಳಲ್ಲಿ ಹಲವು ಹೊರದೇಶದವು, ಆದರೆ ಕ್ರಮ ಕಲಿಯತಕ್ಕದ್ದು. ದೊಡ್ಡ ಜಾಗವಿದ್ದರೆ ಫೆಬ್ರವರಿಗೆ ಮುತ್ತುಗ, ಏಪ್ರಿಲ್‌ಗೆ ಹೊಂಗೆ, ಮೇಗೆ ಕಕ್ಕೆ. ಮಳೆಗಾಲಕ್ಕೆ ಅಗ್ನಿಶಿಖೆಯ ಬಳ್ಳಿ, ಮಳೆ ಹಿಂದೆಗೆದ ಮೇಲೆ ತುಂಬೆ, ಚಳಿಗೆ ಗೋರಂಟಿ. ಅಗ್ನಿಶಿಖೆಯ ಗಡ್ಡೆ ಕಡುವಿಷ. ಚಿಕ್ಕ ಮಕ್ಕಳಿರುವ ಮನೆಗೆ ಅದು ಬೇಡವೇ ಬೇಡ.

ಎಲೆ ತೂತಾಗಿದೆ ಎಂದು ಫೋನ್ ಬರುವುದು ನೆಟ್ಟ ಮೊದಲ ಮಳೆಗಾಲದಲ್ಲಿಯೇ. ಕರಿಬೇವಿನ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುವ ಕಂದು-ಬಿಳಿ ಹುಳುವನ್ನು ಹತ್ತಿರದಿಂದ ನೋಡಿ. ಬೆಳೆಯುತ್ತ ಅದು ಎಲೆಯದೇ ಹಸಿರಿಗೆ ತಿರುಗುತ್ತದೆ. ಮೆಲ್ಲಗೆ ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪು ಕವಲೊಂದನ್ನು ಚಾಚಿ ಘಾಟು ಬಿಡುತ್ತದೆ. ಅದು ಕಾಮನ್ ಮಾರ್ಮನ್ ಚಿಟ್ಟೆಯ ಮರಿ. ಅದಕ್ಕೆ ಔಷಧ ಹೊಡೆದರೆ ಚಿಟ್ಟೆಯೂ ಇಲ್ಲ, ಮರಿಗಳಿಗೆ ಹುಳು ತಿನ್ನಿಸಲು ಬರುವ ಹಕ್ಕಿಯೂ ಇಲ್ಲ. ಆದ್ದರಿಂದ ನಾನು ಕರಿಬೇವನ್ನು ಯಾವಾಗಲೂ ಎರಡು ಬರೆಯುತ್ತೇನೆ: ಅಡುಗೆಮನೆಯ ಬಾಗಿಲಿಗೊಂದು, ಹುಳುಗಳಿಗೊಂದು.

ನಾಟಿಗೆ ಮೃಗಶಿರಾ, ಆರಿದ್ರಾ ಮಳೆಗಳು ಸರಿಯಾದ ಕಾಲ. ನಮ್ಮ ಕಡೆ ಸೆಪ್ಟೆಂಬರ್, ಅಕ್ಟೋಬರಿನ ಮಳೆಯೇ ಜೋರು; ಅಷ್ಟರೊಳಗೆ ಬೇರು ಹಿಡಿದಿರಬೇಕು. ಬುಡಕ್ಕೆ ಒಣ ಎಲೆಯ ಹೊದಿಕೆ ಹಾಕಿ, ಆದರೆ ಕಾಂಡಕ್ಕೆ ತಾಗಿಸಬೇಡಿ. ಮೊದಲ ಎರಡು ಬೇಸಿಗೆ ವಾರಕ್ಕೊಮ್ಮೆ ಬುಡ ತೋಯುವಂತೆ ನೀರು ಹಾಕಿ. ದಿನಾ ಒಂದು ಚೆಂಬು ಎರೆದರೆ ಬೇರು ಮೇಲೆಯೇ ಉಳಿಯುತ್ತದೆ. ಮೂರನೆಯ ಬೇಸಿಗೆಯಿಂದ ಪೈಪನ್ನು ಸುತ್ತಿಟ್ಟು, ಬಾಡಿದ ಗಿಡಕ್ಕಷ್ಟೇ ನೀರು ಕೊಡಿ.