20 ಪರ್ಸೆಂಟಿನ ಬೆನ್ನು 50 ಆದ ಬಗೆ

ಅಂಗವೈಕಲ್ಯ ಪಿಂಚಣಿಯ ಹೊಸ ಪಿಪಿಒ (ಪಿಂಚಣಿ ಪಾವತಿ ಆದೇಶ) ಕೈಗೆ ಬಂದ ದಿನ ಅದನ್ನು ಹಿಡಿದುಕೊಂಡು ನೇರವಾಗಿ ನಮ್ಮೂರಿನ ಸುಬೇದಾರ್ ಸಾಹೇಬರ ಮನೆಗೆ ಹೋದೆ. "20 ಪರ್ಸೆಂಟಿಗೆ ಯಾರಾದರೂ ಕೇಸು ಹಾಕುತ್ತಾರೆಯೇ? ಬಿಟ್ಟುಬಿಡು" ಎಂದಿದ್ದವರು ಅವರೇ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು.

2018ರ ಜನವರಿಯಲ್ಲಿ ಸೇನೆಯಿಂದ ಹವಾಲ್ದಾರನಾಗಿ ಬಿಡುಗಡೆಯಾದೆ. ಆರ್‌ಎಂಬಿಯವರು (ಬಿಡುಗಡೆಯ ಹೊತ್ತಿನ ವೈದ್ಯರ ಮಂಡಳಿ) ಸೊಂಟದ ಡಿಸ್ಕ್ ತೊಂದರೆಗೆ 20 ಪರ್ಸೆಂಟ್ ಅಂಗವೈಕಲ್ಯ ಬರೆದರು. ಆದರೆ ಪತ್ತೆಯಾದದ್ದು ಪೀಸ್ ಸ್ಟೇಷನ್ನಿನಲ್ಲಿ (ಗಡಿಯಿಂದ ದೂರದ ನೆಲೆಯಲ್ಲಿ), ಹಾಗಾಗಿ ಸೇವೆಗೂ ಇದಕ್ಕೂ ಸಂಬಂಧವಿಲ್ಲ ಎಂದು ಒಂದೇ ಸಾಲಿನಲ್ಲಿ ಮುಗಿಸಿದರು. ಅಲ್ಲಿಗೆ ಆ ಪಿಂಚಣಿ ಇಲ್ಲ. ಕಾಶ್ಮೀರದ ಪೋಸ್ಟಿನಲ್ಲಿ ಸೀಮೆಎಣ್ಣೆಯ ಜೆರಿಕ್ಯಾನ್ ಹೊತ್ತು ಹಿಮದಲ್ಲಿ ಜಾರಿ ಬಿದ್ದಾಗ ಇಂಜುರಿ ರಿಪೋರ್ಟ್ ಮಾಡಿಸಿರಲಿಲ್ಲ. ಆ ತಪ್ಪಿಗೆ ಐದು ವರ್ಷ ತೆತ್ತೆ.

ಮೊದಲ ಮೇಲ್ಮನವಿಯನ್ನು ನಾನೇ ಬರೆದೆ. ನಾಲ್ಕು ಪುಟ ಬರೀ ಕಷ್ಟಸುಖ. ತಿರಸ್ಕಾರವಾಯಿತು. ಎರಡನೆಯದಕ್ಕೆ ಏಜೆಂಟರೊಬ್ಬರು 8,000 ತೆಗೆದುಕೊಂಡು ನನ್ನ ನಾಲ್ಕು ಪುಟವನ್ನೇ ಟೈಪ್ ಮಾಡಿಸಿ ಕಳಿಸಿದರು. ಅದೂ ಹೋಯಿತು. ನಡುವೆ, ಹದಿನೈದು ವರ್ಷ ಫಿರಂಗಿಯ ಪಕ್ಕ ನಿಂತವನಲ್ಲವೇ ಎಂದು ಕಿವಿಯ ಪರೀಕ್ಷೆಯನ್ನೂ ಹಾಸನದಲ್ಲಿ ಮಾಡಿಸಿ ಸೇರಿಸಿದ್ದೆ. ಆರ್‌ಎಂಬಿ ಕಾಗದದಲ್ಲಿ ಕಿವಿಯ ಸುದ್ದಿಯೇ ಇಲ್ಲವೆಂದು ಯಾರೂ ಅದನ್ನು ನೋಡಲಿಲ್ಲ.

ದಾರಿ ತೆರೆದದ್ದು ಮಾಹಿತಿ ಹಕ್ಕಿನ ಅರ್ಜಿಯಿಂದ. ಆರ್‌ಎಂಬಿ ನಡಾವಳಿ ಒಂದನ್ನೇ ಕೇಳಬೇಡಿ. ಭರ್ತಿಯ ದಿನದಿಂದ ಹಿಡಿದು ಪ್ರತಿಯೊಂದು ಕ್ಯಾಟಗರಿ ಬೋರ್ಡಿನ (ಆರೋಗ್ಯದ ದರ್ಜೆ ನಿಗದಿಪಡಿಸುವ ವೈದ್ಯರ ಮಂಡಳಿಯ) ಕಾಗದ ಕೇಳಿ. ಮೊದಲ ಉತ್ತರ "ಲಭ್ಯವಿಲ್ಲ". ಮೇಲ್ಮನವಿ ಹಾಕಿದ ಮೇಲೆ 62 ಪುಟ ಬಂತು. ಮಸುಕಾದ ಒಂದು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಅಕ್ಷರ ಅಕ್ಷರ ಕೂಡಿಸಿ ಓದಿದೆ. ನೋವು ಫೀಲ್ಡಿನಲ್ಲಿ, ಅಂದರೆ ಗಡಿಯ ಕಡೆಯ ಪೋಸ್ಟಿನಲ್ಲಿದ್ದಾಗಲೇ ಶುರುವಾಗಿದೆ ಎಂದು ಆರ್‌ಎಂಒ (ಪಲ್ಟನ್ನಿನ ವೈದ್ಯಾಧಿಕಾರಿ) ದಿನಾಂಕ ಹಾಕಿ ಬರೆದಿದ್ದರು! ಹೆಂಡತಿಯನ್ನು ಕರೆದು ಓದಿಸಿದೆ, ನನ್ನ ಕಣ್ಣನ್ನು ನಾನೇ ನಂಬದೆ.

ಆ ಹಾಳೆಯ ಜೊತೆ ಸುಪ್ರೀಂ ಕೋರ್ಟಿನ 2013ರ ಧರ್ಮವೀರ್ ಸಿಂಗ್ ತೀರ್ಪನ್ನು ಇಟ್ಟೆ. ಭರ್ತಿಯಾಗುವಾಗ ಕಾಯಿಲೆ ನಮೂದಾಗಿಲ್ಲದಿದ್ದರೆ ಅದು ಸೇವೆಯಲ್ಲೇ ಬಂದದ್ದೆಂದು ಭಾವಿಸಬೇಕು, ಅಲ್ಲವೆನ್ನುವವರು ಕಾರಣ ಕೊಡಬೇಕು. 20ನ್ನು 50ಕ್ಕೆ ಏರಿಸಲು, ಅಂದರೆ ಕಡಿಮೆ ಪರ್ಸೆಂಟನ್ನು ಮೇಲಿನ ಹಂತಕ್ಕೆ ತಂದು ಲೆಕ್ಕ ಹಾಕಿಸಲು, 2014ರ ರಾಮ್ ಅವತಾರ್ ತೀರ್ಪು. 2020ರ ಡಿಸೆಂಬರಿನಲ್ಲಿ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಕೊಚ್ಚಿ ಪೀಠದಲ್ಲಿ ಅರ್ಜಿ ಹಾಕಿದೆ. ತಡವಾದರೆ ಆಗ ಹಿಂದಿನ ಮೂರು ವರ್ಷಗಳ ಬಾಕಿ ಮಾತ್ರ ಸಿಗುತ್ತಿತ್ತು. ನಾನು ಒಂದು ತಿಂಗಳ ಅಂತರದಲ್ಲಿ ಉಳಿದುಕೊಂಡೆ.

ವಕೀಲರಿಗೆ 35,000, ರೈಲು, ವಸತಿ, ಜೆರಾಕ್ಸ್ ಎಲ್ಲ ಸೇರಿ ಸುಮಾರು 60,000 ಖರ್ಚು. ಬಾಕಿ ಬಂದದ್ದು ಆರು ಲಕ್ಷದ ಆಸುಪಾಸು. 50 ಪರ್ಸೆಂಟ್ ಅಂಗವೈಕಲ್ಯಕ್ಕೆ ಕೊನೆಯ ವೇತನದ ಶೇ. 15, ಮೇಲೆ ತುಟ್ಟಿಭತ್ಯೆ, ಈಗ ತಿಂಗಳಿಗೆ ಹತ್ತು ಸಾವಿರದ ಹತ್ತಿರ. 2023ರ ಸೆಪ್ಟೆಂಬರ್ 21ರ ನಂತರ ಹೊರಬಂದವರಿಗೆ ಹೊಸ ನಿಯಮಗಳಿವೆ; ಅವರು ನನ್ನ ದಾರಿಯನ್ನೇ ಕಣ್ಣುಮುಚ್ಚಿ ಹಿಡಿಯಬಾರದು.

ಬೋರ್ಡಿನ ಅಭಿಪ್ರಾಯದ ವಿರುದ್ಧ ನಾವು ಎತ್ತಿದ ಇನ್ನೊಂದು ಪ್ರಶ್ನೆಯನ್ನು ಇಲ್ಲಿ ಬರೆಯುವುದಿಲ್ಲ. ಅದರ ಮೇಲೆಯೇ ನಮ್ಮ ತಾಲೂಕಿನ ಇಬ್ಬರ ಕೇಸು ನಿಂತಿದೆ.

ಅದೇ 62 ಪುಟಗಳಲ್ಲಿ ಕಿವಿ ಪರೀಕ್ಷೆಯ ಹಳೆಯ ಚೀಟಿಯೊಂದು ಮೊನ್ನೆ ಕಣ್ಣಿಗೆ ಬಿತ್ತು. ಈ ತಿಂಗಳೇ ಆ ಅರ್ಜಿಯನ್ನು ಮತ್ತೆ ಹಾಕುತ್ತಿದ್ದೇನೆ.