ಹಳೆಯ 370 ಎಂಜಿನ್‌ಗೆ ದೊಡ್ಡ ಡೀಸೆಲ್ ಫಿಲ್ಟರ್: ನಾನು ಮಾಡಿದ ಕ್ರಮ

ದೊಡ್ಡ ಡೀಸೆಲ್ ಫಿಲ್ಟರ್ ಹಾಕಿದ ಮೇಲೆ, ಹೋದ ಸೀಸನ್ ಪೂರ್ತಿ ನಮ್ಮ ಮೀನುಗಾರಿಕೆ ಬೋಟು ಡೀಸೆಲ್ ತಕರಾರಿನಿಂದ ಒಮ್ಮೆಯೂ ನಿಂತಿಲ್ಲ. ಎಂಜಿನ್ ಹಳೆಯ ಲೇಲ್ಯಾಂಡ್ 370, ಆರು ಸಿಲಿಂಡರ್, ನಾಝಲ್‌ಗಳಿಗೆ ಡೀಸೆಲ್ ಒತ್ತುವುದು ಮೈಕೋ ಇನ್‌ಲೈನ್ ಪಂಪು. ಗಂಗೊಳ್ಳಿ ಬಂದರಿನಲ್ಲಿ "ಹ್ವಾಯ್, ಅದೆಲ್ಲ ಆತಿಲ್ಲೆ ಮರಾಯ್ರೆ, ಏರ್ ಹಿಡಿತ್ತ್" ಎಂದು ನಕ್ಕವರೇ ಈಗ ಎಂಜಿನ್ ರೂಮಿಗೆ ಇಳಿದು ಮೊಬೈಲಿನಲ್ಲಿ ಫೋಟೊ ಹೊಡೆದುಕೊಂಡು ಹೋಗುತ್ತಾರೆ. ಹಾಗೆ ಫೋಟೊ ನೋಡಿ ಕೂರಿಸಿದ ಒಂದೆರಡು ಬೋಟುಗಳಿಗೆ ನಿಜವಾಗಿಯೂ ಏರ್ ಹಿಡಿಯಿತು, ಅಂದರೆ ಡೀಸೆಲ್ ಪೈಪಿಗೆ ಗಾಳಿ ಹೊಕ್ಕಿತು. ಕೆಟ್ಟ ಹೆಸರು ಮಾತ್ರ ನನಗೆ ಬಂತು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಇದ್ದದ್ದು ಎಲ್ಲರಿಗೂ ಗೊತ್ತಿರುವ ಅರ್ಧ ಲೀಟರಿನ ಫಿಲ್ಟರ್ ಜೋಡಿ. ಒಂದರಲ್ಲಿ ಬಟ್ಟೆ, ಇನ್ನೊಂದರಲ್ಲಿ ಪೇಪರ್. ಲಾರಿಗೆ ಅದು ಧಾರಾಳ ಸಾಕು. ಲಾರಿ ಎರಡು ತಿಂಗಳು ನೀರಿನ ಮೇಲೆ ಸುಮ್ಮನೆ ನಿಲ್ಲುವುದಿಲ್ಲ. ನಾವು ಮೀನುಗಾರಿಕೆ ನಿಷೇಧದ ಜೂನ್ 1ರಿಂದ ಜುಲೈ 31ರವರೆಗೆ ಬೋಟು ಕಟ್ಟಿಹಾಕುತ್ತೇವೆ. ಹೊರಗೆ ಮಳೆ, ಒಳಗೆ ಅರ್ಧ ಖಾಲಿಯಾದ ಕಬ್ಬಿಣದ ಟ್ಯಾಂಕು. ಮೇಲಿನ ತಗಡು ಬೆವರಿ ನೀರು ತಳ ಸೇರುತ್ತದೆ. ನೀರೂ ಡೀಸೆಲ್ಲೂ ಮುಟ್ಟುವ ಜಾಗದಲ್ಲಿ ಕಪ್ಪು ಲೋಳೆ ಕಟ್ಟುತ್ತದೆ. ಆಗಸ್ಟಿನಲ್ಲಿ ಜೆಟ್ಟಿಯ ಬದಿಯಲ್ಲೇ ಸ್ಟಾರ್ಟ್ ಮಾಡಿ ನೋಡಿದರೆ ಎಂಜಿನ್ ಗಂಟೆಗಟ್ಟಲೆ ಚೆಂದ ಓಡುತ್ತದೆ, ಏಕೆಂದರೆ ತಳದ ಕೊಳೆ ಇನ್ನೂ ಅಲುಗಿಲ್ಲ. ನದಿ ಕಡಲು ಸೇರುವ ಅಳಿವೆಯಲ್ಲಿ ತೆರೆ ಹತ್ತಿ ಇಳಿದಾಗ ಅಷ್ಟೂ ಒಟ್ಟಿಗೆ ಎದ್ದು ಪೈಪಿಗೆ ಬರುತ್ತದೆ. ಎಂಜಿನ್ ಎಲ್ಲಿ ಸಾಯಬಾರದೋ ಅಲ್ಲೇ ಸಾಯುತ್ತದೆ.

ದುಡ್ಡಿನ ಲೆಕ್ಕವೂ ಇದೆ. ಆರು ನಾಝಲ್ ಸರ್ವೀಸಿಗೆ ಏಳೆಂಟು ಸಾವಿರ. ಒಂದು ವರ್ಷ ಮೈಕೋ ಪಂಪಿನ ಎಲಿಮೆಂಟುಗಳನ್ನೇ (ಡೀಸೆಲ್ ಒತ್ತುವ ಒಳಭಾಗ) ನೀರು ತಿಂದು, ಬದಲಿಸಿ ಕ್ಯಾಲಿಬ್ರೇಶನ್ ಮಾಡಿಸುವಾಗ ಮೂವತ್ತು ಸಾವಿರದ ಹತ್ತಿರ ಹೋಯಿತು. ಬೋಟು ಹೋಗದ ದಿನದ ನಷ್ಟ ಇದರಲ್ಲಿ ಸೇರಿಲ್ಲ, ಅದೂ ಚಟ್ಲಿ (ಸಿಗಡಿ) ಬೀಳುವ ಹೊತ್ತಿನಲ್ಲಿ.

ಮೊದಲಿಗೆ ಎಲ್ಲರೂ ಮಾಡುವುದನ್ನೇ ಮಾಡಿದೆವು: ಡೀಸೆಲ್ ತುಂಬುವಾಗ ಆಲಿಕೆಗೆ ಬಟ್ಟೆ ಕಟ್ಟಿ ಸೋಸುವುದು. ಕಸ ನಿಲ್ಲುತ್ತದೆ, ನೀರು ಟ್ಯಾಂಕಿನೊಳಗೇ ಹುಟ್ಟುವಾಗ ಅದು ಏನು ಮಾಡೀತು? ಆಮೇಲೆ, ಟ್ಯಾಂಕಿನಿಂದ ಡೀಸೆಲ್ ಎಳೆಯುವ ಫೀಡ್ ಪಂಪಿನ ನಂತರ ಇನ್ನೊಂದು ಜೋಡಿ ಫಿಲ್ಟರ್ ಸೇರಿಸಿದೆ. ಕಸಕ್ಕೆ ಒಳ್ಳೆಯದಾಯಿತು, ನೀರಿಗೆ ಏನೂ ಆಗಲಿಲ್ಲ. ಫೀಡ್ ಪಂಪು ನೀರನ್ನು ಡೀಸೆಲ್ ಜೊತೆ ಕಡೆದು ಹಾಲಿನಂತೆ ಮಾಡಿಬಿಡುತ್ತದೆ. ಆಮೇಲೆ ಅದು ಸುಲಭಕ್ಕೆ ಬೇರೆಯಾಗುವುದಿಲ್ಲ. ಒಂದು ಬಾಟಲಿಯಲ್ಲಿ ಪಂಪಿನ ಮೊದಲಿನ ಡೀಸೆಲ್, ಇನ್ನೊಂದರಲ್ಲಿ ನಂತರದ್ದು ಹಿಡಿದು ಇಟ್ಟೆ. ಮೊದಲಿನದರಲ್ಲಿ ಚಹಾ ಕುಡಿದು ಬರುವಷ್ಟರಲ್ಲಿ ತಳದಲ್ಲಿ ನೀರು ನಿಂತಿತ್ತು. ಎರಡನೆಯದು ಮರುದಿನ ಬೆಳಗ್ಗೆಯೂ ಮಬ್ಬಾಗಿಯೇ ಇತ್ತು. ನೀರು ಹಿಡಿಯುವುದಿದ್ದರೆ ಪಂಪು ಮುಟ್ಟುವ ಮೊದಲೇ ಹಿಡಿಯಬೇಕು ಎಂದು ಆವತ್ತೇ ಖಚಿತವಾಯಿತು.

ಎಲ್ಲರೂ ಹೆದರುವುದು ಅಲ್ಲೇ. ಪಂಪಿನ ಮೊದಲು ಎಂದರೆ ಎಳೆಯುವ ಬದಿ. ಆ ಬದಿಯಲ್ಲಿ ಜಾಯಿಂಟ್ ಸಡಿಲ ಇದ್ದರೆ ಡೀಸೆಲ್ ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಕಣ್ಣಿಗೆ ಏನೂ ಕಾಣದು, ಎಂಜಿನ್ ಮಾತ್ರ ಬೇಟೆನಾಯಿಯ ಹಾಗೆ ಏದುಸಿರು ಬಿಡುತ್ತದೆ.

ನಾನು ಹಾಕಿದ್ದು ರೇಕರ್ 1000 ಮಾದರಿಯ ನೀರು ಬೇರ್ಪಡಿಸುವ ಫಿಲ್ಟರ್. ಒರಿಜಿನಲ್ ಬೆಲೆ ಕೇಳಿ ವಾಪಸ್ ಬಂದೆ. ಅದೇ ಆಕಾರದ ನಕಲು ಸುಮಾರು ಏಳು ಸಾವಿರಕ್ಕೆ ಸಿಕ್ಕಿತು. ನಕಲಿನ ಎರಕ ಪರವಾಗಿಲ್ಲ, ಮುಚ್ಚಳದ ರಬ್ಬರ್ ರಿಂಗ್ ಮಾತ್ರ ಕಸ. ಡೀಸೆಲ್ ತಾಗಿ ಒಂದೇ ತಿಂಗಳಲ್ಲಿ ಉಬ್ಬಿತು. ಎಲ್ಲ ರಿಂಗುಗಳನ್ನೂ ಮಂಗಳೂರಿನಿಂದ ನೈಟ್ರೈಲ್ ತರಿಸಿ ಬದಲಿಸಿದೆ, ಇನ್ನೂರು ರೂಪಾಯಿ ಒಳಗೆ. ನೀವು ನಕಲು ತಂದರೆ ಕೂರಿಸುವ ಮೊದಲೇ ಈ ಕೆಲಸ ಮುಗಿಸಿ.

"370 ಕುಡಿಯುವುದು ಗಂಟೆಗೆ ಹತ್ತು ಹನ್ನೆರಡು ಲೀಟರ್, ಅದಕ್ಕೆ ಇಷ್ಟು ದೊಡ್ಡದು ಯಾಕೆ?" ಎಂದು ಕೇಳುತ್ತಾರೆ. ಎಂಜಿನ್ ಸುಡುವುದು ಅಷ್ಟು. ಫೀಡ್ ಪಂಪು ತಳ್ಳುವುದು ಅದರ ಹಲವು ಪಟ್ಟು, ಉಳಿದದ್ದು ರಿಟರ್ನ್ ಪೈಪಿನಲ್ಲಿ ಟ್ಯಾಂಕಿಗೆ ವಾಪಸ್. ಅಷ್ಟೂ ಫಿಲ್ಟರಿನಲ್ಲೇ ಹಾದುಹೋಗಬೇಕು. ದೊಡ್ಡದಿದ್ದರೆ ಎಳೆತ ಹಗುರ, ಮತ್ತೆ ಟ್ಯಾಂಕಿನ ಡೀಸೆಲ್ಲೂ ಸುತ್ತಿ ಸುತ್ತಿ ಶುದ್ಧವಾಗುತ್ತದೆ. ಸೀಸನ್ ಮಧ್ಯದಲ್ಲಿ ನಮ್ಮ ಟ್ಯಾಂಕಿನ ತಳಕ್ಕೆ ಟಾರ್ಚ್ ಬಿಟ್ಟು ನೋಡಿದಾಗ ವೆಲ್ಡಿಂಗ್ ಗೆರೆ ಕಾಣುತ್ತಿತ್ತು.

ಪೈಪು ಹಳೆಯ 8 ಎಂಎಂ ಬಿಟ್ಟು, ಟ್ಯಾಂಕಿನಿಂದ ಫೀಡ್ ಪಂಪಿನವರೆಗೆ 12 ಎಂಎಂ ಮಾಡಿದೆ. ಜಿಐ (ಸತು ಲೇಪಿಸಿದ ಕಬ್ಬಿಣ) ನಿಪ್ಪಲ್ ಬೇಡ, ಸತು ಡೀಸೆಲ್ ಜೊತೆ ಸೇರಿ ಕೆಸರು ಕಟ್ಟುತ್ತದೆ. ಹಿತ್ತಾಳೆಯದ್ದೇ ಹಾಕಿ. ಜಾಯಿಂಟಿಗೆ ಸುತ್ತುವ ಬಿಳಿ ಟೇಪನ್ನು ಮರೆತುಬಿಡುವುದೇ ಲೇಸು: ಅದರ ಒಂದು ನೂಲು ಫೀಡ್ ಪಂಪಿನ ವಾಲ್ವಿನಲ್ಲಿ ಕೂತರೆ ದಿನವಿಡೀ ಹುಡುಕಬೇಕು. ಅದರ ಬದಲು ಜಾಯಿಂಟಿನ ಥ್ರೆಡ್ಡಿಗೆ ನಾನು ಏನು ಹಚ್ಚುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅಂಗಡಿಯಲ್ಲಿ ಸಿಗುತ್ತದೆ, ಡೀಸೆಲ್ ಸಾಮಾನಿನ ಅಂಗಡಿಯಲ್ಲಿ ಅಲ್ಲ ಎಂದಷ್ಟೇ ಹೇಳಬಲ್ಲೆ.

ಗಾಳಿ ಸೋರುವಿಕೆ ಹುಡುಕಲು ಎರಡು ಉಪಾಯ. ಫಿಲ್ಟರ್ ಮತ್ತು ಫೀಡ್ ಪಂಪಿನ ನಡುವೆ ತಾತ್ಕಾಲಿಕವಾಗಿ ಗೇಣುದ್ದ ಪಾರದರ್ಶಕ ಹೋಸ್ ಹಾಕಿ. ಗುಳ್ಳೆ ಬಂದರೆ ತೊಂದರೆ ಹಿಂದಿದೆ, ಬಾರದಿದ್ದರೆ ಪಂಪಿನ ಕಡೆಗಿದೆ. ಇನ್ನೊಂದು, ಟ್ಯಾಂಕ್ ವಾಲ್ವ್ ಮುಚ್ಚಿ, ಪಂಪಿನ ಕಡೆಯ ತುದಿ ಕಳಚಿ ಅಲ್ಲಿಂದ ಸೈಕಲ್ ಪಂಪಿನಲ್ಲಿ ಮೆಲ್ಲಗೆ ನಾಲ್ಕು ಒತ್ತು ಗಾಳಿ ಕೊಡಿ. ಜಾಯಿಂಟುಗಳಿಗೆ ಸೋಪಿನ ನೊರೆ ಹಚ್ಚಿ. ಒಳಗೆ ಎಳೆಯುತ್ತಿದ್ದ ಗಾಳಿ ಈಗ ಹೊರಗೆ ಉಬ್ಬಿ ತಾನೇ ಜಾಗ ತೋರಿಸುತ್ತದೆ. ಫೋಟೊ ಹೊಡೆದವರ ಬೋಟಿನಲ್ಲಿ ಸಿಕ್ಕಿದ್ದು ಹಳೆಯ ಕಾಪರ್ ವಾಷರ್. ಐದು ರೂಪಾಯಿ ಉಳಿಸಲು ಹೋಗಿ ಅದನ್ನೇ ಮತ್ತೆ ಹಾಕಿದ್ದರು.

ಕೂರಿಸುವ ಎತ್ತರವೂ ಮುಖ್ಯ. ಫಿಲ್ಟರಿನ ಮುಚ್ಚಳ, ಟ್ಯಾಂಕಿನಲ್ಲಿ ಕಾಲು ಭಾಗ ಡೀಸೆಲ್ ಇರುವಾಗಿನ ಮಟ್ಟಕ್ಕಿಂತ ಕೆಳಗೆ ಬರುವಂತೆ ಹಾಕಿದ್ದೇನೆ. ಎಲಿಮೆಂಟ್ (ಫಿಲ್ಟರಿನೊಳಗಿನ ಸೋಸುವ ಭಾಗ) ಬದಲಿಸಿ ವಾಲ್ವ್ ತೆರೆದರೆ ತಾನಾಗಿಯೇ ತುಂಬುತ್ತದೆ, ಪ್ರೈಮರ್ (ಡೀಸೆಲ್ ತುಂಬಿಸುವ ಕೈಪಂಪು) ಒತ್ತಿ ಒತ್ತಿ ಹೆಬ್ಬೆರಳು ನೋಯಿಸಿಕೊಳ್ಳಬೇಕಿಲ್ಲ. ಫಿಲ್ಟರಿನ ತಳದಲ್ಲಿ ನೀರು ನಿಲ್ಲುವ, ಗಾಜಿನಂಥ ಪ್ಲಾಸ್ಟಿಕ್ ಬಟ್ಟಲಿನ ಕೆಳಗೆ ತಗಡಿನ ತಟ್ಟೆ ಕಟ್ಟಿ. ಬೆಂಕಿ ತಗಲಿದರೆ ಪ್ಲಾಸ್ಟಿಕ್ ಕರಗಿ ಡೀಸೆಲ್ ಸುರಿಯಬಾರದಲ್ಲ.

ಮೈಕ್ರಾನ್ (ಎಲಿಮೆಂಟ್ ಎಷ್ಟು ಸಣ್ಣ ಕಸ ಹಿಡಿಯುತ್ತದೆ ಎಂಬ ಅಳತೆ) ವಿಷಯದಲ್ಲಿ ವಾದ ಮಾಡುವವರು ಬಹಳ. ಕೆಲವರು ನೇರ 2 ಮೈಕ್ರಾನ್, ಅಂದರೆ ಕಂದು ಬಣ್ಣದ್ದು ಹಾಕುತ್ತಾರೆ. ಎಳೆಯುವ ಬದಿಗೆ ಅದು ಬೇಡವೇ ಬೇಡ. ನಾನು 10ರ ನೀಲಿ ಹಾಕಿ ನೋಡಿದೆ. ಆಗಸ್ಟಿನ ಕೊಳೆಗೆ ಬೇಗ ಕಟ್ಟಿತು. ಈಗ ಸೀಸನ್ ಶುರುವಿಗೆ 30ರ ಕೆಂಪು, ಕಡಲು ಶಾಂತವಾದ ಮೇಲೆ 10. ಸಣ್ಣದನ್ನು ಹಿಡಿಯಲು ಹಿಂದೆ ಹಳೆಯ ಬಟ್ಟೆ–ಪೇಪರ್ ಜೋಡಿ ಇದ್ದೇ ಇದೆ, ಅದನ್ನು ಕೀಳಬೇಡಿ. ಕಟ್ಟಿದ್ದು ತಿಳಿಯಲು ಎಳೆತ ತೋರಿಸುವ ವ್ಯಾಕ್ಯೂಮ್ ಗೇಜ್ ಹಾಕಿದೆ, ಬೆಲೆ ಎಂಟುನೂರು ರೂಪಾಯಿ ಆಸುಪಾಸು. ಹೊಸ ಎಲಿಮೆಂಟಿಗೆ ಮುಳ್ಳು ಒಂದು ಇಂಚಿನ (ಪಾದರಸದ ಲೆಕ್ಕ) ಸುತ್ತ ನಿಲ್ಲುತ್ತದೆ, ಆರು ದಾಟಿದರೆ ಬದಲಿಸುತ್ತೇನೆ. ಕಿವಿಯಿಂದ ಎಂಜಿನ್ ಓದುವ ನಮ್ಮ ತಾಂಡೇಲರು (ಬೋಟು ನಡೆಸುವವರು) ಮೊದಲು ಗೇಜ್ ಕಂಡು ಮುಖ ತಿರುಗಿಸಿದ್ದರು. ಈಗ ಅಳಿವೆ ದಾಟುವ ಮೊದಲು ಹುಡುಗನನ್ನು ಕೆಳಗೆ ಕಳಿಸಿ "ಮುಳ್ಳೆಲ್ಲಿದೆ?" ಎಂದು ಕೇಳುವವರು ಅವರೇ.

ಒಂದು ಅಡ್ಡ ಪ್ರಯೋಗ ಹೇಳಲೇಬೇಕು. ಟ್ಯಾಂಕು ತೊಳೆದ ಮೇಲೂ ಬಟ್ಟಲಿನಲ್ಲಿ ದಿನಾ ಅರ್ಧ ಲೋಟ ನೀರು. ಬೆವರಿನ ನೀರು ಇಷ್ಟಿರಲು ಸಾಧ್ಯವಿಲ್ಲ. ಡ್ರೈನ್ ಮಾಡಿದ ನೀರು ತಿಳಿಯಾಗಲು ಬಿಟ್ಟು, ತಳದ್ದನ್ನು ಮಾತ್ರ ಸಿರಿಂಜಿನಲ್ಲಿ ಎಳೆದು ಸ್ಟೀಲ್ ಚಮಚದಲ್ಲಿ ಹಾಕಿ ಮನೆಯ ಒಲೆಯ ಮೇಲೆ ಆರಿಸಿದೆ. ಹೆಂಡತಿಯ ಬೈಗುಳದ ನಡುವೆ ಚಮಚದ ಅಂಚಿಗೆ ಬಿಳಿ ಉಪ್ಪು ಕೂತಿತು. ಅಂದರೆ ಕಡಲ ನೀರು! ಡೆಕ್ಕಿನ ಮೇಲಿನ ಡೀಸೆಲ್ ಮುಚ್ಚಳದ ವಾಷರ್ ಸೀಳಿತ್ತು, ಬಲೆ ಎಳೆಯುವಾಗಿನ ನೀರೆಲ್ಲ ಅಲ್ಲಿಂದ ಇಳಿಯುತ್ತಿತ್ತು. ಉಪ್ಪು ಬಾರದಿದ್ದರೆ ಬೆವರು ಅಥವಾ ಮಳೆ ಎಂದು ತಿಳಿಯಿರಿ. ಬಟ್ಟಲಿನ ಹೊರಗೆ ಸ್ಪೀಕರಿನ ಮ್ಯಾಗ್ನೆಟ್ ಕಟ್ಟಿಯೂ ನೋಡಿದೆ. ತುಕ್ಕಿನ ಪುಡಿ ಒಂದಿಷ್ಟು ಅಂಟಿತು, ಅದರಿಂದ ದೊಡ್ಡ ಲಾಭವೇನೂ ಇಲ್ಲ.

ಪೈಪು, ಫಿಟ್ಟಿಂಗ್, ಗೇಜ್, ತಗಡು ಎಲ್ಲ ಸೇರಿ ಹನ್ನೆರಡು ಸಾವಿರದೊಳಗೆ ಮುಗಿದಿದೆ, ಕೂಲಿ ನನ್ನದೇ. ಎಲಿಮೆಂಟ್ ಒಂದಕ್ಕೆ ಐನೂರರಿಂದ ಏಳುನೂರು; ಅದಕ್ಕಿಂತ ಕಡಿಮೆಗೆ ನನಗೆ ಎಲ್ಲಿ ಸಿಗುತ್ತದೆ ಎಂದು ಬಂದರಿನಲ್ಲಿ ಬಂದು ಕೇಳಿದವರಿಗೆ ಮಾತ್ರ ಹೇಳುತ್ತೇನೆ. ನಾಝಲ್ ಈ ಸಲ ಬಿಚ್ಚಿ ಟೆಸ್ಟಿಗೆ ಕೊಟ್ಟಾಗ ಅಂಗಡಿಯವರು ಆರನ್ನೂ ಹಾಗೇ ವಾಪಸ್ ಕೊಟ್ಟರು, ಟೆಸ್ಟಿನ ಚಾರ್ಜ್ ಮಾತ್ರ ತೆಗೆದುಕೊಂಡರು. ಮುಂದಿನ ರಜೆಯಲ್ಲಿ ಇಂಥದ್ದೇ ಎರಡನ್ನು ಪಕ್ಕಪಕ್ಕ ಹಾಕಿ, ನಡುವೆ ತ್ರೀ-ವೇ ವಾಲ್ವ್ ಇಟ್ಟು, ಎಂಜಿನ್ ನಿಲ್ಲಿಸದೆಯೇ ಬದಲಿಸುವಂತೆ ಮಾಡುವ ಯೋಚನೆ ಇದೆ. ಒಳ್ಳೆಯ ಹಿತ್ತಾಳೆ ವಾಲ್ವ್ ಹುಡುಕುತ್ತಿದ್ದೇನೆ. ಕೈಗೆ ಸಿಕ್ಕಿದ ಎರಡೂ ನಡುವೆ ನಿಲ್ಲಿಸಿದಾಗ ಗಾಳಿ ಎಳೆಯುತ್ತಿವೆ.