ಹದಿನೇಳು ಅಂಕಿಗಳ ಒಂದು ಸಂಖ್ಯೆಯನ್ನು ಬಿಡಿಸಿದ ಬಗೆ

12345678987654321 ಎಂಬ ಸಂಖ್ಯೆಯ ಅವಿಭಾಜ್ಯ ಅಪವರ್ತನಗಳನ್ನು ಕಂಡುಕೊಳ್ಳಲು ಹೊರಟಾಗ ನಾನು ಅದನ್ನು ಮೊದಲು ಸ್ಪ್ರೆಡ್‌ಶೀಟ್‌ನ ಒಂದು ಮನೆಯಲ್ಲಿ ಬರೆದೆ. ಅದು ಹದಿನೈದು ಅಂಕಿಗಳನ್ನಷ್ಟೇ ಉಳಿಸಿಕೊಂಡು ಕೊನೆಯ 21ರ ಜಾಗದಲ್ಲಿ ಎರಡು ಸೊನ್ನೆಗಳನ್ನು ಇಟ್ಟಿದ್ದನ್ನು ಗಮನಿಸದೆ, ಸಂಖ್ಯೆಯು 100ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆಂದು ಟಿಪ್ಪಣಿಯನ್ನೂ ಮಾಡಿಕೊಂಡೆ. ಒಂದರಲ್ಲಿ ಕೊನೆಗೊಳ್ಳುವ ಸಂಖ್ಯೆ ಸಮಸಂಖ್ಯೆಯಾಗುವುದೆಂತು ಎಂದು ಹೊಳೆದ ಮೇಲೆ ಕಾಗದ, ಪೆನ್ಸಿಲುಗಳನ್ನೇ ಹಿಡಿದೆ.

ಇದು 111111111ರ ವರ್ಗ. ಒಂಬತ್ತು ಒಂದುಗಳವರೆಗೆ ಮಾತ್ರ ಈ ಏರಿಳಿತದ ಅಂದ ಉಳಿಯುತ್ತದೆ. ಹತ್ತು ಒಂದುಗಳ ವರ್ಗದಲ್ಲಿ ದಶಕ ಮುಂದಕ್ಕೆ ಹೋಗಿ ಕೆಡುತ್ತದೆ. ಆದ್ದರಿಂದ ವರ್ಗಮೂಲವನ್ನು ಬಿಡಿಸಿದರೆ ಸಾಕಿತ್ತು. 111111111 ಎಂದರೆ 111 × 1001001. ಮೊದಲನೆಯದು 3 × 37, ಎರಡನೆಯದು 3 × 333667.

ನಿಜವಾದ ಕೆಲಸವಿದ್ದದ್ದು 333667 ಅವಿಭಾಜ್ಯವೇ ಎಂಬಲ್ಲಿ. ಅದರ ವರ್ಗಮೂಲ 577 ಮತ್ತು 578ರ ನಡುವೆ ಇರುವುದರಿಂದ, 577ರವರೆಗಿನ 106 ಅವಿಭಾಜ್ಯಗಳಿಂದಲೂ ಭಾಗಿಸಿ ನೋಡಬೇಕೆಂದುಕೊಂಡು ಐದಾರು ಭಾಗಾಕಾರಗಳನ್ನು ಮಾಡಿ ಬೇಸತ್ತೆ. ಆಗ ನೆನಪಾದದ್ದು, 333667 × 2997 = 999999999 ಎಂಬುದು. 333667ನ್ನು ಭಾಗಿಸುವ ಯಾವುದೇ ಅವಿಭಾಜ್ಯ ಸಂಖ್ಯೆ 10⁹ − 1ನ್ನೂ ಭಾಗಿಸಲೇಬೇಕು. ಹಾಗಾದರೆ 1ನ್ನು ಆ ಅವಿಭಾಜ್ಯದಿಂದ ಭಾಗಿಸಿದಾಗ ಬರುವ ಆವರ್ತ ದಶಮಾಂಶದ ಉದ್ದ, ಅಂದರೆ ಮರುಕಳಿಸುವ ಅಂಕಿಗಳ ಗುಂಪಿನ ಉದ್ದ, 9ರ ಭಾಜಕಗಳಾದ 1, 3 ಅಥವಾ 9 ಆಗಿರಬೇಕು. ಉದ್ದ 1 ಇರುವುದು 3ಕ್ಕೆ, ಉದ್ದ 3 ಇರುವುದು 37ಕ್ಕೆ ಮಾತ್ರ. ಇವೆರಡೂ 333667ನ್ನು ಭಾಗಿಸುವುದಿಲ್ಲ (37ರಿಂದ ಭಾಗಿಸಿದರೆ ಶೇಷ 1). ಉಳಿದದ್ದು 9. ಫರ್ಮಾನ ಕಿರು ಪ್ರಮೇಯದ ಪ್ರಕಾರ ಅಂಥ ಅವಿಭಾಜ್ಯದಲ್ಲಿ ಒಂದನ್ನು ಕಳೆದರೆ ಬರುವ ಸಂಖ್ಯೆ 9ರಿಂದಲೂ, ಆ ಅವಿಭಾಜ್ಯವು ಬೆಸಸಂಖ್ಯೆಯಾದ್ದರಿಂದ 18ರಿಂದಲೂ ಭಾಗವಾಗಬೇಕು. ಹೀಗೆ 106 ಇದ್ದದ್ದು 19, 37, 73, 109 ಎಂದು ಸಾಗುವ ಹದಿನೇಳಕ್ಕೆ ಇಳಿಯಿತು. ಅರ್ಧ ಗಂಟೆಯೊಳಗೆ ಎಲ್ಲವನ್ನೂ ಪರೀಕ್ಷಿಸಿದೆ. 523ರಲ್ಲಿ ಮಾತ್ರ ಎದೆ ಹಾರಿತು: 523 × 638 = 333674, ಕೇವಲ 7 ಹೆಚ್ಚು. ಯಾವುದೂ ಭಾಗಿಸಲಿಲ್ಲ, 333667 ಅವಿಭಾಜ್ಯ.

ಆದ್ದರಿಂದ ಮೂಲ ಸಂಖ್ಯೆ 3⁴ × 37² × 333667². ಘಾತಾಂಕಗಳಿಗೆ ಒಂದೊಂದು ಕೂಡಿಸಿ ಗುಣಿಸಿದರೆ 5 × 3 × 3, ಅಂದರೆ 45 ಭಾಜಕಗಳು. ಅವುಗಳಲ್ಲಿ 12 ಪೂರ್ಣವರ್ಗಗಳು.

ನನಗೆ ಹೆಚ್ಚು ಹಿಡಿಸಿದ್ದು ಮಾತ್ರ ಬೇರೆ. ಈ ಸಂಖ್ಯೆಯನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದೇ ಎಂದು ನೋಡಿದೆ. 37² = 12² + 35² ಆಗಿರುವುದರಿಂದ, ಉಳಿದ 9 × 333667 = 3003003ರಿಂದ 12, 35 ಎರಡನ್ನೂ ಗುಣಿಸಿದರೆ 36036036² + 105105105² = 111111111² ಎಂದು ಬರುತ್ತದೆ. 3 ಮತ್ತು 333667 ಎರಡೂ 4ರಿಂದ ಭಾಗಿಸಿದಾಗ ಶೇಷ 3 ಕೊಡುವಂಥವು. ಅವು ಹೊಸ ಜೋಡಿಯನ್ನು ಹುಟ್ಟಿಸುವುದಿಲ್ಲ. ಸೊನ್ನೆಯನ್ನು ಬಿಟ್ಟರೆ ಇದೊಂದೇ ಜೋಡಿ.